ಮಣಿ ತೆಗೆದಿಟ್ಟ ಕಿವಿ

ಕೊಪ್ಪಳ
೨೨೩೮ನೆಯ ಇಸವಿ, ಹದಿಮೂರನೆಯ ತಿಂಗಳ ಐದನೆಯ ದಿನ

ಶಕುಂತಲಾ ಗುಡದೂರ ಅಕ್ಕಾವರಿಗೆ ಇಂದುಮತಿ ಹಡಪದ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ಹುಚ್ಚಿ ಬರೆದಿದ್ದಾಳೆ ಎಂದು ಕಾಗದವನ್ನು ಮಡಚಿಡಬೇಡಿ. ನಮ್ಮಲ್ಲಿ ತಿಂಗಳಿಗೆ ಇಪ್ಪತ್ತೆಂಟೇ ದಿನ, ಹೀಗಾಗಿ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯ ತಿಂಗಳಿಗೆ ‘ಬಿಡುವು’ ಎಂದೇ ಹೆಸರು. ಆಗ ಹೊರಗಿನ ಕೆಲಸಗಳೆಲ್ಲ ನಿಂತಿರುತ್ತವೆ, ಜನ ಬಾಕಿ ಉಳಿದ ಮಾತುಗಳನ್ನು ಮುಗಿಸುತ್ತಾರೆ. ನಿಮ್ಮನ್ನು ಮುತ್ತಜ್ಜಿಯ ಮುತ್ತಜ್ಜಿ ಎಂದು ಕರೆಯಬೇಕಾಗಿತ್ತು. ಆದರೆ ನಿಮ್ಮ ಧ್ವನಿಗೆ ಮೂವತ್ತೈದಕ್ಕಿಂತ ಹೆಚ್ಚು ವಯಸ್ಸಿಲ್ಲ, ನನಗೆ ಐವತ್ತೆಂಟು. ಅಕ್ಕ ಎಂದುಬಿಡುತ್ತೇನೆ, ಇಬ್ಬರಿಗೂ ಮರ್ಯಾದೆ. ನನ್ನ ಕನ್ನಡದಲ್ಲಿ ಅಲ್ಲಲ್ಲಿ ವಿಚಿತ್ರ ಪದಗಳು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಪತ್ರ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ, ಅದು ನನಗೂ ಗೊತ್ತಿಲ್ಲ. ಬರೆಯದೆ ಇರಲಾಗಲಿಲ್ಲ, ಅಷ್ಟೇ.

ಮೊದಲು ನಮ್ಮ ಕಿವಿಗಳ ವಿಷಯ ಹೇಳಬೇಕು. ನಮ್ಮಲ್ಲಿ ಕೂಸಿಗೆ ಹೆಸರಿಡುವ ದಿನವೇ ಬಲಗಿವಿಯ ಹಿಂದೆ ಒಂದು ಮಣಿ ಕೂರಿಸುತ್ತಾರೆ. ಸೋದರಮಾವನ ತೊಡೆಯ ಮೇಲೆ ಕೂಸು ಕಿರುಚುತ್ತದೆ, ಹೆಂಗಸರು ಹಾಡುತ್ತಾರೆ, ಬೆಲ್ಲ ಹಂಚುತ್ತಾರೆ. ಇದಕ್ಕೆ ಕಿವಿಮಣಿ ಎನ್ನುತ್ತೇವೆ. ಅಂದಿನಿಂದ ಲೋಕದ ಯಾರು ಯಾವ ಭಾಷೆಯಲ್ಲಿ ಮಾತಾಡಿದರೂ ಆ ಕೂಸಿಗೆ ಕೇಳಿಸುವುದು ಕನ್ನಡ. ಮಣಿ ಎದುರಿನವರ ಧ್ವನಿಯನ್ನು ಮುಚ್ಚಿ, ತನ್ನದೇ ಒಂದು ಸಮನಾದ, ನುಣುಪಾದ ದನಿಯಲ್ಲಿ ಹೇಳುತ್ತದೆ. ಸಾಲ ಕೇಳುವವನೂ ಸಾಯುವವನೂ ಅದೇ ದನಿಯಲ್ಲಿ ಮಾತಾಡುತ್ತಾರೆ. ಮಾತು ಮುಗಿದಾಗ ಟಿಣ್ ಎನ್ನುತ್ತದೆ. ಟಿಣ್ ಎಂದಮೇಲೆ ನಾವು ಉತ್ತರ ಕೊಡಬೇಕು, ಅದಕ್ಕೂ ಮುಂಚೆ ಕೊಡಬಾರದು. ಮಾತಾಡುವವರ ಬಾಯಿ ನೋಡುವುದಂತೂ ನಮ್ಮಲ್ಲಿ ಬಹಳ ಅಸಭ್ಯ. ‘ಬಾಯಿ ನೋಡ್ತಾಳ’ ಅಂದರೆ ಇವಳಿಗೆ ಮಣಿಯ ಮೇಲೆ ನಂಬಿಕೆಯಿಲ್ಲ, ಎದುರಿನವರ ಮೇಲೂ ಇಲ್ಲ ಎಂದು ಅರ್ಥ. ಅದಕ್ಕೇ ನಾವು ಎದುರುಬದುರು ಕೂತು, ಒಬ್ಬರ ಭುಜ ಒಬ್ಬರು ನೋಡುತ್ತ ಮಾತಾಡುತ್ತೇವೆ. ಬೇರೆ ಭಾಷೆ ಕಲಿಯುವುದು ಎಂಬ ಕೆಲಸವೇ ನಮ್ಮಲ್ಲಿಲ್ಲ. ನಾನು ಕಲಿಯುತ್ತೇನೆ ಅಂದಾಗ ನಮ್ಮ ನೀರುಮನೆಯ ಹೆಂಗಸರು, ಅಂದರೆ ಓಣಿಗೆ ನೀರು ಅಳೆದು ಬಿಡುವ ಕಡೆ ನನ್ನೊಂದಿಗೆ ಕೆಲಸ ಮಾಡುವವರು, ನನ್ನ ಹಣೆ ಮುಟ್ಟಿ ನೋಡಿದರು.

ನನಗೆ ಕಸ್ತೂರಿ ಎಂಬ ತಂಗಿ ಇದ್ದಾಳೆ. ನನಗಿಂತ ಎಂಟು ವರ್ಷ ಚಿಕ್ಕವಳು, ನಾನೇ ಎತ್ತಿ ಆಡಿಸಿದವಳು. ಎರಡು ವರ್ಷದ ಕೆಳಗೆ ಅವಳ ಬೆನ್ನುಹುರಿಯಲ್ಲಿ ಗಂಟು ಕಾಣಿಸಿತು. ಆ ಗಂಟು ತೆಗೆಯಬಲ್ಲವರು ಆಡ್ರಿ ಎಂಬ ಡಾಕ್ಟರಮ್ಮ, ಇಂಗ್ಲೆಂಡಿನ ಉತ್ತರದ ಕಡೆಯವರು. ಅವರು ಅಲ್ಲಿಂದಲೇ ಇಲ್ಲಿಯ ಯಂತ್ರದ ಕೈಗಳನ್ನು ಆಡಿಸುತ್ತಾರೆ. ಮೊದಲ ಭೇಟಿಯಲ್ಲಿ ಗೋಡೆಯ ಮೇಲೆ ಅವರು ಕಾಣಿಸಿಕೊಂಡರು, ನಾವು ಮರ್ಯಾದೆಯಿಂದ ಅವರ ಭುಜ ನೋಡುತ್ತ ಕುಳಿತೆವು. ಮಣಿ ಹೇಳಿತು: “ಶಸ್ತ್ರಚಿಕಿತ್ಸೆ ಮಾಡಬಹುದು. ಅಪಾಯವೂ ಇದೆ. ನಿರ್ಧಾರ ನಿಮ್ಮದು.” ಟಿಣ್. ನಾವಿಬ್ಬರೂ ತಲೆಯಾಡಿಸಿದೆವು. ಟಿಣ್ ಆದಮೇಲೆ ತಲೆಯಾಡಿಸಿದರೆ ನಮ್ಮಲ್ಲಿ ಅದೇ ಸಹಿ, ಅದೇ ಒಪ್ಪಿಗೆ. ಗಂಟು ಹೋಯಿತು. ಅದರ ಜೊತೆ ನನ್ನ ತಂಗಿಯ ಎರಡು ಕಾಲುಗಳ ಬಲವೂ ಹೋಯಿತು.

ಆರು ತಿಂಗಳ ನಂತರ ಆಸ್ಪತ್ರೆಯವರು ಆ ಭೇಟಿಯ ಹಸಿ ದಾಖಲೆಯನ್ನು ಕಳಿಸಿದರು. ಮಣಿಯ ಕೈಯಾಡದ ಧ್ವನಿಗೆ ನಾವು ಹಸಿ ಎನ್ನುತ್ತೇವೆ. ಅದನ್ನು ಯಾರೂ ತೆರೆದು ಕೇಳುವುದಿಲ್ಲ. ನಾನು ಸಿಟ್ಟಿನಲ್ಲಿ ತೆರೆದೆ, ಯಾರ ಮೇಲೆ ಸಿಟ್ಟು ಎಂದು ನನಗೇ ಗೊತ್ತಿರಲಿಲ್ಲ. ಒಂದು ಮಾತೂ ಅರ್ಥವಾಗಲಿಲ್ಲ. ಆದರೆ ಆ ಹೆಂಗಸು ನಡುವೆ ಮಾತು ನಿಲ್ಲಿಸಿದ್ದರು ಅಕ್ಕಾ. ಏಳು ಸೆಕೆಂಡು. ಉಸಿರು ಎಳೆದುಕೊಂಡದ್ದು ಕೇಳಿಸಿತು, ಆಮೇಲೆ ಬಂದ ದನಿ ತಗ್ಗಿತ್ತು. ಮಣಿ ಆ ಏಳು ಸೆಕೆಂಡನ್ನು ಕತ್ತರಿಸಿ ಎಸೆದಿತ್ತು. ನಾವು ಆವತ್ತು ಆ ಮೌನವನ್ನು ಕೇಳಿದ್ದರೆ ತಲೆಯಾಡಿಸುತ್ತಿದ್ದೆವೇ?

ಅದೇ ವಾರ ಡಾಕ್ಟರಿಂದ ಮತ್ತೆ ಸುದ್ದಿ ಬಂತು: ಎರಡನೆಯ ಶಸ್ತ್ರಚಿಕಿತ್ಸೆ ಮಾಡಿದರೆ ನಡೆಯುವ ಸಾಧ್ಯತೆ ಇದೆ. ಕಸ್ತೂರಿ ಅಲ್ಲೇ ತಲೆಯಾಡಿಸಲು ಸಿದ್ಧಳಿದ್ದಳು. ನಾನು ಬೇಡ ಅಂದೆ, ಈ ಸಲ ಆ ಹೆಂಗಸಿನ ಮಾತನ್ನು ನನ್ನ ಕಿವಿಯಿಂದಲೇ ಕೇಳಿದ ಮೇಲೆ ನೋಡೋಣ ಅಂದೆ. “ನಿನಗ ಇಂಗ್ಲಿಷ್ ಬರೂತನಕ ನಾ ಹಿಂಗ ಕುಂತಿರ್ಬೇಕೇನು? ಕಾಲು ನಿನ್ನವಲ್ಲ, ಅದಕ್ಕ ಆರಾಮ್ ಮಾತಾಡ್ತಿ” ಎಂದು ಅವಳು ತಟ್ಟೆ ಎಸೆದಳು. ತಪ್ಪೇನಿಲ್ಲ, ನಾನಾಗಿದ್ದರೆ ಎರಡು ಎಸೆಯುತ್ತಿದ್ದೆ. ಡಾಕ್ಟರ ಹತ್ತಿರ ಆರು ತಿಂಗಳ ಸಮಯ ಕೇಳಿಕೊಂಡೆ.

ಕಲಿಯುವುದು ಎಲ್ಲಿಂದ? ಹಳೆಯ ಸಿನಿಮಾ, ಭಾಷಣ, ಪಾಠ, ಎಲ್ಲವನ್ನೂ ಎಂದೋ ಮಣಿಗೆ ಹಾಕಿ ಕನ್ನಡ ಮಾಡಿಟ್ಟಿದ್ದಾರೆ, ಮೂಲದ ದನಿ ಉಳಿದಿಲ್ಲ. ಯಾರೂ ಬೇಕೆಂದು ಕೇಳದ ಹಳೆಯ ಮೊಬೈಲ್ ಫೋನುಗಳ ಸರಕು ಮಾತ್ರ ನಮ್ಮ ಜಿಲ್ಲಾ ಕಡತಮನೆಯ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಅಲ್ಲಿ ನೀವು ಸಿಕ್ಕಿರಿ. ಹದಿನೇಳು ಧ್ವನಿಮುದ್ರಣಗಳು. ಕೊಪ್ಪಳದಿಂದ ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿಗೆ, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದ ಹೆಂಗಸು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಔಷಧಿ ಕೊಳ್ಳುವಲ್ಲಿ ಜನರನ್ನು ಕೇಳಿಕೊಂಡು ಅವರ ಮಾತು ಹಿಡಿದಿಟ್ಟಿದ್ದೀರಿ. ಪ್ರತಿಯೊಂದರ ಕೊನೆಗೆ ನಿಮಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂದು ಕನ್ನಡದಲ್ಲಿ ನಿಮಗೆ ನೀವೇ ವರದಿ ಒಪ್ಪಿಸಿದ್ದೀರಿ. ಮೊದಲನೆಯದರಲ್ಲಿ ವರದಿ ಇಷ್ಟೇ: “ಏನೂ ತಿಳೀಲಿಲ್ಲ. ಬಾಯಾಗ ಬಿಸಿ ಬದ್ನೀಕಾಯಿ ಇಟ್ಕೊಂಡು ಮಾತಾಡಿದಂಗಾತು.” ನಾನು ಕಡತಮನೆಯಲ್ಲಿ ಒಬ್ಬಳೇ ಕೂತು ನಕ್ಕೆ. ಕಾವಲಿನವನು ಬಂದು ಇಣುಕಿ ಹೋದ.

ಸಂಜೆ ಸಂಜೆ ಕಿವಿಮಣಿ ತೆಗೆದು ಬಟ್ಟಲಲ್ಲಿಟ್ಟು ನಿಮ್ಮನ್ನು ಕೇಳುತ್ತಿದ್ದೆ. ಅಂಗಡಿಯ ಹುಡುಗಿ “ಯೂ ಆಲ್‌ರೈಟ್?” ಅಂದಾಗ, ಪಾಪ ಇಷ್ಟು ಅಕ್ಕರೆಯಿಂದ ಕೇಳಿದಳಲ್ಲ ಎಂದು ನೀವು ಅವಳಿಗೆ ನಿಮ್ಮ ಮಂಡಿನೋವಿನ ಕಥೆ ಪೂರ್ತಿ ಹೇಳಿದಿರಿ. ಹಿಂದೆ ಸಾಲು ನಿಂತವರು ಕೆಮ್ಮುತ್ತಿದ್ದರು. ಅದು ಬರೀ ನಮಸ್ಕಾರ ಎಂದು ನಿಮಗೆ ತಿಳಿದದ್ದು ಐದನೆಯ ಮುದ್ರಣದಲ್ಲಿ. ಬಸ್ಸಿನ ಚಾಲಕ ನಿಮ್ಮನ್ನು ‘ಲವ್’ ಎಂದು ಕರೆದ ದಿನ ನೀವು ಒಂದು ಸ್ಟಾಪು ಮುಂಚೆಯೇ ಇಳಿದು ಮಳೆಯಲ್ಲಿ ನಡೆದಿರಿ. ಆಮೇಲೆ ಅವನು ಎಂಬತ್ತರ ಮುದುಕಪ್ಪನನ್ನೂ ಹಾಗೇ ಕರೆದದ್ದು ಕೇಳಿ, “ಅಯ್ಯ, ಇವನ ಬಾಯಿ ಚಟ ಇದು” ಎಂದು ಸಮಾಧಾನ ಮಾಡಿಕೊಂಡಿರಿ. ಪುಸ್ತಕದಲ್ಲಿ ಬಿಡಿಬಿಡಿಯಾಗಿರುವ ಪದಗಳು ಜನರ ಬಾಯಲ್ಲಿ ಅಂಟಿಕೊಂಡು ಬರುತ್ತವೆ, ಎಲ್ಲವನ್ನೂ ಹಿಡಿಯಲು ಓಡಿದರೆ ಒಂದೂ ಸಿಗುವುದಿಲ್ಲ ಎಂದು ಒಂಬತ್ತನೆಯದರಲ್ಲಿ ಹೇಳಿದಿರಿ. ಊರ ಹೆಸರು, ಸಂಖ್ಯೆ, ಬೇಡ-ಬೇಕು, ಇಷ್ಟನ್ನು ಹಿಡಿ, ಉಳಿದದ್ದಕ್ಕೆ ಮುಖ ನೋಡು. ಮುಖ ನೋಡು! ಈ ಮಾತಿಗೆ ನಾನು ಎರಡು ದಿನ ನಾಚಿಕೊಂಡಿದ್ದೆ. ಮೂರನೆಯ ದಿನ ಮನೆಯ ಬಾಗಿಲು ಹಾಕಿಕೊಂಡು, ಮಾತಾಡುತ್ತಿದ್ದ ಕಸ್ತೂರಿಯ ಬಾಯಿಯನ್ನೇ ನೋಡಿದೆ. ಬೈಯುವಾಗ ಅವಳ ಕೆಳತುಟಿ ನಡುಗುತ್ತದೆ. ಐವತ್ತು ವರ್ಷ ಜೊತೆಗಿದ್ದೂ ನನಗೆ ಅದು ಗೊತ್ತಿರಲಿಲ್ಲ.

ಆರು ತಿಂಗಳು ಮುಗಿದು, ಡಾಕ್ಟರ ಭೇಟಿಯ ಹಿಂದಿನ ದಿನ ನಿಮ್ಮ ಹದಿನೇಳನೆಯದನ್ನು ಕೇಳಿದೆ. ಅದುವರೆಗೆ ತೆರೆದಿರಲಿಲ್ಲ, ಮುಗಿದುಹೋಗುತ್ತದಲ್ಲ ಎಂದು ಉಳಿಸಿಕೊಂಡಿದ್ದೆ. ನೀವು ನೋಡಿಕೊಳ್ಳುತ್ತಿದ್ದ ಅಜ್ಜಿಯೊಬ್ಬರ ಗುಳಿಗೆಯ ಲೆಕ್ಕ ಬದಲಾಗಿದೆ, ದವಾಖಾನೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೀರಿ. ಒಳಗಿನವಳು ಬಡಬಡ ಹೇಳುತ್ತಾಳೆ. ನೀವು “ಸಾರಿ, ಒನ್ಸ್ ಮೋರ್, ಸ್ಲೋಲಿ ಪ್ಲೀಸ್” ಎನ್ನುತ್ತೀರಿ. ಅವಳು ಇನ್ನೂ ಜೋರಾಗಿ, ಅಷ್ಟೇ ವೇಗವಾಗಿ ಹೇಳುತ್ತಾಳೆ. ಮತ್ತೆ ಕೇಳುತ್ತೀರಿ. ಹಿಂದೆ ಯಾರೋ ನಗುತ್ತಾರೆ. ಮೂರನೆಯ ಸಲ ನಿಮ್ಮ ದನಿ ಒಡೆದಿದೆ, ಆದರೂ ಕೇಳುತ್ತೀರಿ. ಆಮೇಲೆ ತಿಳಿದಷ್ಟನ್ನು ನಿಮ್ಮದೇ ಮುರುಕು ಇಂಗ್ಲಿಷಿನಲ್ಲಿ ಅವಳಿಗೇ ತಿರುಗಿ ಹೇಳಿ, ಸರಿಯೇ ಎಂದು ಒಪ್ಪಿಸಿಕೊಳ್ಳುತ್ತೀರಿ. ಹೊರಗೆ ಬಂದು ಅಳುತ್ತ ಹೇಳುತ್ತೀರಿ: “ನಾಚಿಕಿ ಆತು ನನಗ. ಸಣ್ಣ ಕೂಸಿನಂಗ ಮಾಡಿದ್ರು. ಇದನ್ನ ಮನೀಗೆ ಹೋಗಿ ಅಳಿಸಿ ಒಗಿತೀನಿ, ಎಲ್ಲಾನೂ ಅಳಿಸ್ತೀನಿ. ಸಾಕು ಇದು.” ಅಲ್ಲಿಗೆ ನಿಂತಿದೆ.

ಮರುದಿನ ಬೆಳಿಗ್ಗೆ ಡಾಕ್ಟರ್ ಆಡ್ರಿ ಗೋಡೆಯ ಮೇಲೆ ಬಂದರು. ನಾನು ಅವರೆದುರೇ ಮಣಿ ತೆಗೆದಿಟ್ಟು, ನೇರವಾಗಿ ಅವರ ಬಾಯಿ ನೋಡಿದೆ. ಕಸ್ತೂರಿ “ಏ ಅಕ್ಕಾ!” ಎಂದು ನನ್ನ ಸೆರಗು ಎಳೆದಳು. ಅವರು ಮಾತಾಡಿದರು. ಸುಳ್ಳು ಯಾಕೆ, ಅರ್ಧಕ್ಕಿಂತ ಹೆಚ್ಚು ತಲೆಯ ಮೇಲಿಂದ ಹೋಯಿತು. ನೀವಿದ್ದ ಆ ಇಂಗ್ಲೆಂಡಿನ ಊರಿನವರ ದನಿಯ ಏರಿಳಿತ ಇನ್ನೂರು ವರ್ಷದಲ್ಲಿ ಸಾಕಷ್ಟು ಮಾಸಿದೆ, ಆದರೆ ಗುರುತು ಸಿಗದಷ್ಟು ಅಲ್ಲ. ನಡುವೆ ಒಂದು ಕಡೆ ಅವರು ನಿಂತರು. ಆ ನಿಲುಗಡೆ ಬಂದ ಕೂಡಲೇ ನಾನು ಸೆಕೆಂಡು ಎಣಿಸತೊಡಗಿದೆ. ಅವರ ಮಾತು ಮುಗಿದಾಗ ಕಸ್ತೂರಿಯ ಮಣಿ ಟಿಣ್ ಎಂದಿರಬೇಕು, ಅವಳು ತಲೆಯಾಡಿಸಲು ಕತ್ತು ಎತ್ತಿದಳು. ನಾನು ಅವಳ ಗದ್ದ ಹಿಡಿದು ನಿಲ್ಲಿಸಿ, ನೀವು ಹೇಳಿದಂತೆಯೇ ಹೇಳಿದೆ: “ಸಾರಿ. ಒನ್ಸ್ ಮೋರ್. ಸ್ಲೋಲಿ ಪ್ಲೀಸ್.” ಅವರು ಬೆಚ್ಚಿ ನನ್ನ ಮುಖ ನೋಡಿದರು. ಬಹುಶಃ ಅವರ ಜನ್ಮದಲ್ಲಿ ಯಾರೂ ಅವರನ್ನು ಅವರ ಭಾಷೆಯಲ್ಲಿ ಹೀಗೆ ಕೇಳಿರಲಿಲ್ಲ. ನಾನು ಮೂರು ಸಲ ಕೇಳಿದೆ. ಮೂರನೆಯ ಸಲ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಚಿಕ್ಕ ಚಿಕ್ಕ ಮಾತುಗಳಲ್ಲಿ ಹೇಳಿದರು. ನಾನು ತಿಳಿದಷ್ಟನ್ನು ಮುರುಕು ಇಂಗ್ಲಿಷಿನಲ್ಲಿ ಅವರಿಗೇ ತಿರುಗಿ ಒಪ್ಪಿಸಿದೆ: ನಡೆಯಬಹುದು, ಹತ್ತರಲ್ಲಿ ಒಂದು. ಶಸ್ತ್ರಚಿಕಿತ್ಸೆಯ ಮೇಜಿನಿಂದ ಜೀವಂತ ಏಳಲಾರಳು, ಹತ್ತರಲ್ಲಿ ಆರು. ನಿಮ್ಮ ತಂಗಿಯಾಗಿದ್ದರೆ ನೀವು ಮಾಡುತ್ತಿರಲಿಲ್ಲ. ಸರಿಯೇ? ಅವರು “ಯೆಸ್” ಅಂದರು. ಅದಕ್ಕೆ ಮಣಿ ಬೇಕಾಗಿರಲಿಲ್ಲ. ಈ ಸಲ ನಾವು ತಲೆಯಾಡಿಸಲಿಲ್ಲ.

ಕಸ್ತೂರಿ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಎಂಟನೆಯ ದಿನ ತಾನೇ ಮಣಿ ತೆಗೆದು, “ಎಲ್ಲಿ, ಅದ್ಯಾರೋ ಮಂಡಿ ನೋವಿನಾಕಿ ಅಂತಿದ್ಯಲ್ಲ, ಹಚ್ಚು ಕೇಳೂಣು” ಅಂದಳು. ಈಗ ದಿನಾ ಕೇಳುತ್ತಾಳೆ. ನನಗಿಂತ ಅವಳ ಕಿವಿ ಚುರುಕು, ಅದನ್ನು ಹೇಳಿ ಹೇಳಿ ನನ್ನ ಪ್ರಾಣ ತಿನ್ನುತ್ತಾಳೆ. ಈ ಪತ್ರ ಬರೆಯುತ್ತಿರುವಾಗಲೂ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತ, ಏನು ಬರೆದೆ ಏನು ಬರೆದೆ ಎಂದು ಕಾಡುತ್ತಿದ್ದಾಳೆ.

ಇಷ್ಟು ಹೇಳಿ, ಒಂದು ಬೇಡಿಕೆ. ಆ ಹದಿನೇಳು ನನ್ನ ಕೈಗೆ ಬಂದಿವೆ, ಅಂದರೆ ನೀವು ಅಳಿಸಲಿಲ್ಲ ಎಂದು ನನ್ನ ಬುದ್ಧಿಗೆ ಗೊತ್ತು. ಆದರೂ ನಿಮ್ಮ ಆ ಅಳು ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ ಅಕ್ಕಾ, ಭಯಕ್ಕೆ ಬುದ್ಧಿ ಹೇಳಲಾಗುವುದಿಲ್ಲ. ಇವತ್ತು ದವಾಖಾನೆಯಿಂದ ಮನೆಗೆ ಬಂದು, ಒದ್ದೆ ಕೋಟು ಬಿಚ್ಚದೆ, ಫೋನು ಹಿಡಿದು ಕೂತಿದ್ದೀರಾದರೆ ದಯವಿಟ್ಟು ಬೆರಳು ತೆಗೆಯಿರಿ. ಅದರಲ್ಲಿರುವುದು ನಿಮ್ಮ ಅವಮಾನ ಎಂದುಕೊಂಡಿದ್ದೀರಿ. ಅದರಲ್ಲಿ ನನ್ನ ತಂಗಿ ಇದ್ದಾಳೆ.