ಬೇಲಿಯಿಂದ ಅರ್ಧ ಹಗ್ಗ

ಫೆಬ್ರವರಿ 3, ಬೆಳಿಗ್ಗೆ 6.40
ಹಾಲು ಡೈರಿಗೆ ಹಾಕಿ ಬಂದು ಹತ್ತು ಲೆಕ್ಕ ಮಾಡಿದೆ. ಏಳು ಸರಿ. 2³ × 2⁴ ಅಂದರೆ ಘಾತ ಕೂಡಬೇಕು. ಮತ್ತೆ ಗುಣಿಸಿ 2¹² ಬರೆದಿದ್ದೇನೆ. ಮೂವತ್ತನಾಲ್ಕಾದರೂ ಬುದ್ಧಿ ಬಂದಿಲ್ಲ.
ಮೂವತ್ತರವರೆಗಿನ ವರ್ಗಗಳನ್ನು ಕೊಟ್ಟಿಗೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. 17ರ ವರ್ಗವನ್ನು ಹಸು ನೆಕ್ಕಿಬಿಟ್ಟಿದೆ. 289. ಅದಕ್ಕೂ ಬಾಯಿಪಾಠ ಆಗಲಿ.
ಕ್ಲರ್ಕ್ ಪರೀಕ್ಷೆ ಮಾರ್ಚ್ 16ಕ್ಕೆ. ಮೇ ತಿಂಗಳಿಗೆ ವಯಸ್ಸಿನ ಮಿತಿ ದಾಟುತ್ತೇನೆ. ಇದೇ ಕೊನೆಯದು. ಹಿಂದಿನ ಎರಡು ಸಲವೂ ಗಣಿತದಲ್ಲೇ ಮುಗ್ಗರಿಸಿದ್ದು.

ಫೆಬ್ರವರಿ 11
ತಿಪಟೂರಿನ ಕೋಚಿಂಗ್‌ನಲ್ಲಿ ಮಾಕ್ ಟೆಸ್ಟ್. 3600 ಚದರ ಮೀಟರಿನ ಚೌಕ ತೋಟ, ಹತ್ತು ಮೀಟರಿಗೊಂದು ತೆಂಗು, ಒಟ್ಟು ಎಷ್ಟು? ವರ್ಗಮೂಲ 60. ಆರು ಸಾಲು, 36 ಗಿಡ. ಸುಲಭ ಎಂದು ಬೀಗಿದೆ. ತಪ್ಪು. 49 ಅಂತೆ.
ಉಮರ್ ಫಾರೂಖ್ ಸರ್ ಹತ್ತಿರ ಜಗಳಕ್ಕೇ ಹೋದೆ.
“ಆರು ಅಂತರಕ್ಕೆ ಏಳು ಗಿಡ ಕಣ್ರಿ ಯೋಗಿತಾ. ಈ ಬೇಲಿ ಮೇಲೊಂದು, ಆ ಬೇಲಿ ಮೇಲೊಂದು.”
“ಬೇಲಿ ಮೇಲೆ ಯಾರು ಸರ್ ತೆಂಗು ನೆಡ್ತಾರೆ?”
“ಪೇಪರ್ ತೆಗೆಯೋರು ತೋಟ ನೋಡಿರಲ್ಲ. ನೀವೂ ತೋಟ ಮನೇಲಿ ಬಿಟ್ಟು ಬನ್ನಿ. ಒಂದು ಕೂಡಿಸಿ, ವರ್ಗ ಮಾಡಿ, ಮುಂದಕ್ಕೆ ಹೋಗಿ.”

ಫೆಬ್ರವರಿ 12
ಮಾವನಿಗೆ ಹೇಳಿದರೆ ನಕ್ಕರು. ಮದುವೆಯಾಗಿ ಬಂದ ವರ್ಷವೇ ಅಳತೆ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟವರು ಅವರು. ಗಿಡದಿಂದ ಗಿಡಕ್ಕೆ ಒಂದು ಹಗ್ಗ, ಬೇಲಿಯಿಂದ ಅರ್ಧ ಹಗ್ಗ ಬಿಟ್ಟೇ ಮೊದಲ ಗುಂಡಿ.
“ಬೇಲಿ ಮ್ಯಾಲೆ ನೆಟ್ರೆ ನೀರು ನಮ್ದು, ಕಾಯಿ ಪಕ್ಕದೋನ್ದು ಕಣವ್ವ.”

ಮಾರ್ಚ್ 9
ತೋಟದ ಲೆಕ್ಕ ಇಪ್ಪತ್ತು, ಇಪ್ಪತ್ತೂ ಸರಿ. ಈಗ ತೋಟ ಎಂದು ಓದಿದ ಕೂಡಲೇ ಕೈ ತಾನೇ ಒಂದು ಕೂಡಿಸುತ್ತದೆ. ಸರ್ ಖುಷಿ. ನಾನೂ.

ಮಾರ್ಚ್ 16, ಸಂಜೆ 4. ನೊಣವಿನಕೆರೆ ಬಸ್ಸು
ಘಾತದ ನಾಲ್ಕೂ ಸರಿ. ಋಣ ಘಾತವೂ ಬಂತು... ಹೆದರಲಿಲ್ಲ. ತೋಟವೂ ಬಂತು! 6400. ನಗು ಬಂದಿತು. ವರ್ಗಮೂಲ 80, ಎಂಟು, ಒಂದು ಕೂಡಿಸಿ ಒಂಬತ್ತು, 81. ಹತ್ತೇ ಸೆಕೆಂಡು.

4.40
ಪ್ರಶ್ನೆಪತ್ರಿಕೆ ಮತ್ತೆ ತೆಗೆದೆ. ತೋಟದ ಪ್ರಶ್ನೆಗೆ ಇನ್ನೂ ಒಂದು ಸಾಲಿದೆ. ನಾಲ್ಕೂ ಬದಿ ಬೇಲಿಯಿಂದ 5 ಮೀಟರ್ ಬಿಟ್ಟು ನೆಟ್ಟರೆ — ಎಂದು.
64. ಆಪ್ಷನ್‌ನಲ್ಲೂ ಇತ್ತು.
ಈ ಸಲ ಪೇಪರ್ ತೆಗೆದವರು ತೋಟ ನೋಡಿದ್ದರು. ಅಳೋಣವೆಂದರೆ ಪಕ್ಕದ ಸೀಟಿನಲ್ಲಿ ಜನ.

ಏಪ್ರಿಲ್ 28
ಕಟ್‌ಆಫ್ 61.5. ನನ್ನದು 60.25.
ಒಂದು ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ. ಆ ಒಂದು ಸರಿಯಾಗಿದ್ದಿದ್ದರೆ ಸಿಗುವ ಒಂದು, ಕಳೆದುಕೊಂಡ ಕಾಲು... ಎರಡು ಸಲ ಕೂಡಿದೆ. 61.5.
ಸರ್ ಫೋನ್ ಮಾಡಿದರು. ಎತ್ತಲಿಲ್ಲ. ಅವರ ತಪ್ಪಲ್ಲ, ಪೂರ್ತಿ ಓದದವಳು ನಾನು.
ಮಾವ ಜಗುಲಿಯಲ್ಲಿ ಕಾಯುತ್ತಿದ್ದರು. “ಯಾವ್ದು ತಪ್ಪೋಯ್ತವ್ವ?” ಹೇಳಿದೆ. ಬೈಯಲಿಲ್ಲ. “ಅರ್ಧ ಹಗ್ಗ ಬುಡ್ಬೇಕು ಅಂತ ನಿಂಗ್ ಗೊತ್ತಿತ್ತಲ್ಲವ್ವ” ಅಂದರು.
ಗೊತ್ತಿತ್ತು. ಹನ್ನೊಂದು ವರ್ಷ ಹಗ್ಗದ ತುದಿ ಹಿಡಿದವಳೇ ನಾನು. ಆದರೆ ಅವತ್ತು ಕೈ ತಾನೇ ಒಂದು ಕೂಡಿಸಿಬಿಟ್ಟಿತ್ತು.