ಸರಿಯುತ್ತರಕ್ಕೆ ಹೋದ ಒಂದು ಅಂಕ

ಪರೀಕ್ಷಾ ಮಂಡಳಿಯ ಅಧ್ಯಕ್ಷರೇ,

ನನ್ನ ಮಗಳು ಸರಿಯಾದ ಉತ್ತರ ಬರೆದಳು. ತಮ್ಮ ಮಂಡಳಿ ಅದಕ್ಕೆ ಸೊನ್ನೆ ಕೊಟ್ಟಿತು. ಆ ಉತ್ತರವನ್ನು ಅವಳಿಗೆ ಕಲಿಸಿದವರು ತಾವೇ. ನನ್ನ ದೂರು ಇಷ್ಟೇ.

ನಾನು ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಫಿಟರ್. ಸವೆದ ಬೇರಿಂಗ್ ಬದಲಿಸುವುದೇ ಇಪ್ಪತ್ತಾರು ವರ್ಷಗಳ ಕಸುಬು. ಕಳೆದ ವರ್ಷ ಮಗಳು ನಾಹೀದಾಳ ಕಾಲೇಜಿಗೆ ತಾವು ಭೌತಶಾಸ್ತ್ರದ ಉಪನ್ಯಾಸ ಕೊಡಲು ಬಂದಾಗ, ಪಾಲಕರನ್ನೂ ಕರೆದಿದ್ದರಿಂದ, ನಾನೂ ಹಿಂದಿನ ಬೆಂಚಿನಲ್ಲಿದ್ದೆ. ನಿರ್ವಾತದಲ್ಲಿ ಎರಡು ಲೋಹದ ತಟ್ಟೆಗಳನ್ನು ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಹತ್ತಿರ ತಂದರೆ ಕ್ವಾಂಟಮ್ ಬಲ ಅವನ್ನು ಒಂದಕ್ಕೊಂದು ಸೆಳೆಯುತ್ತದೆ ಎಂದಿರಿ. ಆದರೆ ಒಂದು ಚಿನ್ನ, ಇನ್ನೊಂದು ಗಾಜಿನಂಥ ಸಿಲಿಕಾ ಆಗಿದ್ದು, ನಡುವೆ ತಕ್ಕ ದ್ರವವಿದ್ದರೆ ಅದೇ ಬಲ ಅವನ್ನು ದೂರ ತಳ್ಳುತ್ತದೆ ಎಂದೂ ಹೇಳಿದಿರಿ. ಮುಂದೊಂದು ದಿನ ಕಣ್ಣಿಗೆ ಕಾಣದಷ್ಟು ಸಣ್ಣ ಯಂತ್ರಗಳ ಭಾಗಗಳು ಇದರಿಂದ ಅಂಟಿಕೊಳ್ಳದೆ, ಸವೆಯದೆ ತಿರುಗಬಹುದು ಎಂದಾಗ ನಾನು ಕೂತಲ್ಲೇ ನೆಟ್ಟಗಾದೆ. ಲೋಹ ಲೋಹವನ್ನು ತಿನ್ನುವುದನ್ನೇ ನೋಡುತ್ತ ಬಂದವನು ನಾನು. ಕೊನೆಗೆ ತಾವು, "ಪುಸ್ತಕದಲ್ಲಿ ಇಲ್ಲದಿದ್ದರೂ ನಿಜವನ್ನು ಧೈರ್ಯವಾಗಿ ಬರೆಯಿರಿ" ಎಂದಿರಿ. ನಾಹೀದಾ ನಂಬಿದಳು.

ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಮೇಲ್ಮೈಗಳ ನಡುವಿನ ಈ ಬಲ ಯಾವಾಗಲೂ ಆಕರ್ಷಕವೇ? ಅವಳು ಅಲ್ಲ ಎಂದು ಕಾರಣಸಹಿತ ಬರೆದಳು. ಒಂದು ಅಂಕ ಹೋಯಿತು, ಅದರೊಂದಿಗೆ ಸೀಟೂ ಹೋಯಿತು.

ಇಬ್ಬರೂ ಕೊಪ್ಪಳಕ್ಕೆ, ತಮ್ಮ ಕಚೇರಿಗೆ ಬಂದೆವು.

"ಸರ್, ಇದನ್ನ ನೀವ ಹೇಳಿದ್ರಿ," ಎಂದಳು ನಾಹೀದಾ.

"ಹೇಳೀನವಾ. ನಿಂದು ತಪ್ಪಂತ ನಾ ಎಲ್ಲಿ ಅಂದೆ? ಮಾದರಿ ಉತ್ತರದಾಗ ಹಂಗಿಲ್ಲ," ಎಂದ ತಾವು ಮುಂದಿನ ಫೈಲು ತೆರೆದಿರಿ.

ಹಾಗಾದರೆ ಅಂದಿನ ಧೈರ್ಯದ ಮಾತು ಯಾರಿಗಾಗಿತ್ತು? ಪ್ರಕೃತಿಯೂ ತಮ್ಮ ಮಂಡಳಿಯ ಅನುಮೋದನೆ ಪಡೆದೇ ನಡೆದುಕೊಳ್ಳಬೇಕೇ? ತಿಳಿಯದವರು ಸೊನ್ನೆ ಕೊಟ್ಟಿದ್ದರೆ ಸುಮ್ಮನಿರುತ್ತಿದ್ದೆ. ತಾವು ತಿಳಿದೂ ಅದನ್ನು ಉಳಿಸಿದಿರಿ.

ಸೀಟುಗಳು ಭರ್ತಿಯಾಗಿವೆ, ಅದನ್ನು ಕೇಳುತ್ತಿಲ್ಲ. ಅವಳ ಉತ್ತರ ಸರಿಯಿತ್ತು ಎಂಬ ಒಂದು ಸಾಲನ್ನು ತಮ್ಮ ಸಹಿಯೊಂದಿಗೆ ಪ್ರಕಟಿಸಿ. ಬೇಗ ಪ್ರಕಟಿಸಿ. ಅವಳು ಮುಂದಿನ ವರ್ಷದ ಪರೀಕ್ಷೆಗೆ ಓದುತ್ತಿದ್ದಾಳೆ. ನಿನ್ನೆ ಕೇಳಿದೆ: "ಅದ ಪ್ರಶ್ನಿ ಮತ್ತ ಬಂದ್ರ ಏನ್ ಬರೀತಿ?"

ತಲೆಯೆತ್ತದೆ ಹೇಳಿದಳು: "ಯಾವಾಗ್ಲೂ ಆಕರ್ಷಣೆ ಅಂತ ಬರೀತೀನಿ, ಅಬ್ಬಾ. ನನಗ ಸೀಟ್ ಬೇಕು."

ಇಂತಿ,
ದೊಡ್ಡವರ ಮಾತು ಕೇಳು ಎಂದು ಮಗಳಿಗೆ ಹೇಳುತ್ತ ಬಂದ ತಪ್ಪಿಗೆ ನಾಚುತ್ತಿರುವ,
ಶಫೀಸಾಬ, ಗಂಗಾವತಿ