ಫೋನ್ ಕೆಳಗಿಟ್ಟವಳ ಮಳಿಗೆ ಎಲ್ಲಿ ಹೋಯಿತು?

ನಮ್ಮ ಮಾರುಕಟ್ಟೆಯ ಮಾನ್ಯ ಆಡಳಿತಾಧಿಕಾರಿಗಳೇ,

ನನ್ನ ಹೊಲಿಗೆ ಮಳಿಗೆಯಿಂದ ನಿಮ್ಮ ಕಚೇರಿಯ ಕಿಟಕಿಗೆ ಮೂವತ್ತೆರಡು ಹೆಜ್ಜೆ. ಅಂದಾಜಲ್ಲ, ಎಣಿಸಿದ್ದೇನೆ. ಅಳತೆ ತೆಗೆಯುವುದು ನನ್ನ ಕಸುಬು. ಆ ಮೂವತ್ತೆರಡು ಹೆಜ್ಜೆ ನಡೆದು ಬಂದು ಒಂದು ಮಾತು ಹೇಳುವ ಪ್ರಾಣಿ ನಿಮ್ಮ ಕಚೇರಿಯಲ್ಲಿ ಇರಲಿಲ್ಲವಾದ್ದರಿಂದ, ಹತ್ತೊಂಬತ್ತು ವರ್ಷ ಇಲ್ಲಿ ಕೂತ ನನಗೆ ಸಿಗಬೇಕಿದ್ದ ಜಾಗ ಈಗ ಬೇರೆಯವರ ಪಾಲಾಗಿದೆ. ಹೊಸ ಕಟ್ಟಡದ ಹಂಚಿಕೆ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಗೈರುಹಾಜರು' ಎಂದು ಬರೆದಿದ್ದೀರಿ. ಆ ಗೈರುಹಾಜರಾದ ಹೆಂಗಸು ಹಾಜರಿ ಹಾಕಲು ನೀವು ಕೊಟ್ಟ ಮೂರೂ ದಿನ, ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ, ನಿಮ್ಮ ಕಿಟಕಿಗೆ ನೇರ ಎದುರಾಗಿ ಕೂತು ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಎರಡನೆಯ ದಿನ ತಾವು ಆಕೆಯ ಕಡೆ ನೋಡಿ ಕೈ ಬೀಸಿದಿರಿ. ಆಕೆಯೂ ಬೀಸಿದಳು. ಪಾಪ, ಕೈ ಬೀಸಿದ್ದು ಹಾಜರಿಗೆ ಲೆಕ್ಕವಿಲ್ಲ ಎಂದು ಆಕೆಗೆ ಗೊತ್ತಿರಲಿಲ್ಲ.

ನನ್ನ ತಪ್ಪು ಇಷ್ಟೇ: ಫೋನನ್ನು ಕೆಳಗಿಟ್ಟೆ. ಅದೂ ತಮ್ಮ ಮಾತು ಕೇಳಿ.

ಮೊದಲಿನಿಂದ ಹೇಳುತ್ತೇನೆ. ತಮಗೆ ಪುರುಸೊತ್ತಿಲ್ಲ ಎಂದು ಬಲ್ಲೆ, ಆದರೂ ಹೇಳುತ್ತೇನೆ. ಫೆಬ್ರವರಿಯಲ್ಲಿ ನನ್ನ ಹಳೆಯ ಗಿರಾಕಿ ಅಜೆಯ್ವಾಳ ತಾಯಿ ತೀರಿಕೊಂಡರು. ತೊಂಬತ್ತು ದಾಟಿದ ಜೀವ. ಅಷ್ಟು ವಯಸ್ಸಾಗಿ ಹೋದವರ ಅಂತ್ಯಕ್ರಿಯೆಗೆ ಇಡೀ ಕುಲ ಒಂದೇ ಬಟ್ಟೆ ಉಡುವುದು ನಮ್ಮಲ್ಲಿ ರೂಢಿ. ಮನೆಯವರು ಆರಿಸಿದ್ದು ಬಿಳಿಯ ಮೇಲೆ ಕಪ್ಪು ಪೀಠಗಳ ಅಚ್ಚು. ಹಿರಿಯರು ಕೂರುವ ಮರದ ಪೀಠ, ಸಾಲು ಸಾಲಾಗಿ, ಎಲ್ಲವೂ ಕಾಲು ಊರಿ ನಿಂತದ್ದು. ಮೂವತ್ತನಾಲ್ಕು ಜನರಿಗೆ ಶನಿವಾರದೊಳಗೆ ಹೊಲಿಯಬೇಕು. ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಂದೇ ಏಟಿಗೆ ಕತ್ತರಿಸುತ್ತೇವೆ. ಮೇಲೆ ಕೆಳಗೆ ಗುರುತಿರುವ ಅಚ್ಚಾದರೆ ಪ್ರತಿ ಪದರವನ್ನೂ ತುಂಡು ಮಾಡಿ, ತಿರುಗಿಸಿ ಹಾಸಬೇಕು. ಸುಮ್ಮನೆ ಹಿಂದೆ ಮುಂದೆ ಮಡಚಿಕೊಂಡು ಹೋದರೆ ಒಂದು ಪದರ ನೆಟ್ಟಗೆ, ಇನ್ನೊಂದು ತಲೆಕೆಳಗೆ. ಇದು ಕಲಿಯಲು ಬಂದ ಮೊದಲ ತಿಂಗಳಲ್ಲೇ ಗೊತ್ತಾಗುವ ಸಂಗತಿ. ನಾನು ಕಲಿತು ಮೂವತ್ತು ವರ್ಷವಾಯಿತು.

ಆ ಬೆಳಿಗ್ಗೆ ತಮ್ಮ ಕಚೇರಿಯೇ ಶುರುಮಾಡಿದ ಮಾರುಕಟ್ಟೆಯ ವಾಟ್ಸಾಪ್ ಗುಂಪಿನಲ್ಲಿ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಯುದ್ಧ ನಡೆದಿತ್ತು. ಪಕ್ಕದ ಮಳಿಗೆಯಲ್ಲಿ ಒಣಮೀನು ಮಾರುವ ನನ್ನ ಗೆಳತಿ ಸರ್ಪೊಮಾ ಕೂಗಿ ಹೇಳಿದಳು.

"ಏ ಅಫ್ರಿಯೆ, ಗುಂಪಲ್ಲಿ ಬೆಂಕಿ ಬಿದ್ದಿದೆ, ನೋಡ್ದೇನೇ? ಟೊಮೇಟೊದವ್ಳು ಈರುಳ್ಳಿಯವ್ಳ ಅಜ್ಜೀವರೆಗೂ ಹೋಗ್ಬಿಟ್ಟಿದಾಳೆ!"

"ಕೇಳ್ತಾ ಇದೀನಿ ಸುಮ್ನಿರು, ಈರುಳ್ಳಿಯವ್ಳು ಉತ್ತರ ಕೊಡ್ತಿದಾಳೆ."

ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಬಟ್ಟೆ. ಹಿಂದೆ ಮುಂದೆ ಮಡಚಿದೆ. ಬೀಗದ ಕೈಯ ಬಗ್ಗೆ ನನ್ನದೂ ಒಂದು ಅಭಿಪ್ರಾಯ ಧ್ವನಿಮುದ್ರಿಸಿ ಕಳಿಸಿದೆ. ಅದಕ್ಕೆ ಮೆಚ್ಚುಗೆಯ ಹನ್ನೆರಡು ಹೆಬ್ಬೆರಳು ಬಂದವು. ಆಮೇಲೆ ಕತ್ತರಿ ಹಾಕಿದೆ. ಹದಿನೇಳು ಜನರ ಬಟ್ಟೆಯಲ್ಲಿ ಪೀಠ ನೆಟ್ಟಗಿತ್ತು, ಉಳಿದ ಹದಿನೇಳು ಜನರದ್ದು ಕಾಲು ಮೇಲಾಗಿತ್ತು.

ಪೀಠ ಉರುಳಿತು ಎಂದರೆ ನಮ್ಮಲ್ಲಿ ಕುಲದ ಯಜಮಾನಿಕೆಯೇ ಉರುಳಿದ ಹಾಗೆ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಅಜೆಯ್ವಾ ಬಟ್ಟೆ ಬಿಡಿಸಿ, ಮೇಲಾದ ಒಂದು ಪೀಠದ ಕಾಲಿನ ಮೇಲೆ ಬೆರಳಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

"ಮೇಡಂ," ಎಂದಳು, "ನಮ್ಮಮ್ಮ ಹೋಗಿದ್ದು ಸಾಲ್ದು ಅಂತ ಅವ್ರ ಪೀಠಾನೂ ಉರುಳಿಸ್ಬಿಟ್ರಾ?"

ಅದೇ ಅಚ್ಚಿನ ಬಟ್ಟೆ ಅಂಗಡಿಯಲ್ಲಿ ಮುಗಿದಿತ್ತು. ತಲೆಕೆಳಗಾದ ಹದಿನೇಳು ಜನ ಹಿಂದಿನ ಸಾಲಿನಲ್ಲಿ, ಎದೆಯ ಮೇಲೆ ಕೈ ಕಟ್ಟಿಕೊಂಡು ನಿಂತರು. ಅದರ ಚಿತ್ರವನ್ನು ಯಾರೋ ಪುಣ್ಯಾತ್ಮರು ಅಂದೇ ಫೇಸ್‌ಬುಕ್ಕಿಗೆ ಹಾಕಿದರು. 'ಅರ್ಧ ಕುಲ ಭೂಮಿಯ ಮೇಲೆ ಅಳುತ್ತಿದೆ, ಅರ್ಧ ಕುಲ ಆಕಾಶದಿಂದ ನೇತಾಡಿಕೊಂಡು' ಎಂದು ಕೆಳಗೆ ಬರೆದಿದ್ದರು. ಒಂದು ಸಾವಿನ ಮನೆಯನ್ನು ನೋಡಿ ನಾಲ್ಕು ಸಾವಿರ ಜನ ನಕ್ಕರು. ನಾನು ಆ ಸಂಖ್ಯೆ ಏರುವುದನ್ನೇ ನೋಡುತ್ತ ಕೂತಿದ್ದೆ. ನನ್ನ ಮಾನ ಹೋಗುವುದನ್ನು ನಾನೇ ಗಳಿಗೆಗೊಮ್ಮೆ ತೆರೆದು ನೋಡುತ್ತಿದ್ದೆ ಎಂದರೆ, ಚಟ ಯಾವ ಮಟ್ಟದ್ದು ಎಂದು ಲೆಕ್ಕ ಹಾಕಿ.

ಲೆಕ್ಕ ನಾನೇ ಹಾಕಿದೆ. ಅಳತೆ ಪುಸ್ತಕದ ಕೊನೆಯ ಪುಟದಲ್ಲಿ, ಕೈ ಫೋನಿಗೆ ಹೋದಾಗಲೆಲ್ಲ ಒಂದು ಗೆರೆ. ಮೊದಲ ದಿನ ಸಂಜೆ ಎಣಿಸಿದರೆ ನೂರ ಮೂವತ್ತೊಂದು. ಅದರಲ್ಲಿ ಗಿರಾಕಿಗಳ ಕೆಲಸಕ್ಕೆ ಬಂದದ್ದು ಆರು. ಉಳಿದ ನೂರ ಇಪ್ಪತ್ತೈದು ಸಲ ನಾನು ಏನನ್ನು ಹುಡುಕುತ್ತಿದ್ದೆ, ಮಾನ್ಯರೇ?

ಆ ಹೊತ್ತಿಗೆ ಸರಿಯಾಗಿ ತಮ್ಮ 'ಫೋನ್ ಕೆಳಗಿಡಿ, ತಲೆ ಮೇಲೆತ್ತಿ' ಸಪ್ತಾಹ ಬಂತು. ಶಾಮಿಯಾನ, ಧ್ವನಿವರ್ಧಕ, ಎಲ್ಲರಿಗೂ ಒಂದೊಂದು ಟೊಪ್ಪಿ. ತಾವು ಅದ್ಭುತವಾಗಿ ಮಾತಾಡಿದಿರಿ. ಗಮನ ಹಾಳಾದರೆ ಕೈಕಸುಬು ಹಾಳು, ನಿದ್ದೆ ಹಾಳಾದರೆ ಮನೆ ಹಾಳು, ನೆರೆಯವರ ಮುಖ ನೋಡಿ ಮಾತಾಡಿ ಎಂದಿರಿ. ಸುತ್ತ ನಿಂತ ಇನ್ನೂರು ಜನ ಫೋನು ಮೇಲೆತ್ತಿ ಆ ಭಾಷಣವನ್ನು ಚಿತ್ರೀಕರಿಸುತ್ತಿದ್ದರು. ಕೈ ಖಾಲಿ ಇದ್ದವಳು ನಾನೊಬ್ಬಳೇ ಇರಬೇಕು. ನನಗೆ ಕಣ್ಣಲ್ಲಿ ನೀರು ಬಂತು. ಯಾರೂ ನಂಬದ ಭಾಷಣವನ್ನು ನಾನು ನಂಬಿಬಿಟ್ಟೆ.

ಮರುದಿನವೇ ದೊಡ್ಡ ಫೋನನ್ನು ಮನೆಯಲ್ಲಿ ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟೆ. ವಾರಕ್ಕೊಮ್ಮೆ, ಭಾನುವಾರ ಚರ್ಚಿನಿಂದ ಬಂದ ಮೇಲೆ ಒಂದು ಗಂಟೆ ಮಾತ್ರ ತೆಗೆಯುವುದೆಂದು ನಿಯಮ ಮಾಡಿಕೊಂಡೆ. ಮಳಿಗೆಗೆ ತಂದದ್ದು ಗುಂಡಿ ಒತ್ತುವ ಸಣ್ಣ ಫೋನು, ನಮ್ಮ ಊರಿನವರು 'ಗೆಣಸು' ಎಂದು ಹಾಸ್ಯ ಮಾಡುವಂಥದ್ದು. ಸರ್ಪೊಮಾ ಬಿದ್ದು ಬಿದ್ದು ನಕ್ಕಳು.

"ಬೇಯಿಸಿಕೊಂಡು ತಿಂತೀಯೋ, ಕಿವಿಗೆ ಇಟ್ಕೊಳ್ತೀಯೋ?"

"ನಿನ್ನ ಮೀನಿನ ಜೊತೆ ತಿಂತೀನಿ, ಹೋಗೇ."

ತಮ್ಮ ಕಿವಿಗೂ ಸುದ್ದಿ ಬಿತ್ತು. ತಾವೇ ಛಾಯಾಗ್ರಾಹಕನನ್ನು ಕರೆದುಕೊಂಡು ಬಂದಿರಿ. "ಇಂಥವರು ನಮಗೆ ಮಾದರಿ" ಎಂದು ನನ್ನ ಪಕ್ಕ ನಿಂತಿರಿ. ನಾನು ಗೆಣಸನ್ನು ಎತ್ತಿ ಹಿಡಿದು ಹಲ್ಲು ಕಿರಿದೆ. ಆ ಚಿತ್ರ ಇವತ್ತಿಗೂ ಮಾರುಕಟ್ಟೆಯ ಫೇಸ್‌ಬುಕ್ ಪುಟದ ನೆತ್ತಿಯ ಮೇಲಿದೆ.

ಹನ್ನೊಂದು ವಾರ, ಮಾನ್ಯರೇ. ನೂರ ಮೂವತ್ತೊಂದು ಗೆರೆ ಒಂಬತ್ತಕ್ಕೆ ಇಳಿಯಿತು. ಸೂಜಿಗೆ ದಾರ ಮೊದಲನೇ ಸಲಕ್ಕೇ ಹೋಗತೊಡಗಿತು. ಕಣ್ಣು ಹೋಗಿದೆ ಎಂದುಕೊಂಡಿದ್ದೆ, ಹೋಗಿದ್ದದ್ದು ತಾಳ್ಮೆ. ಗಿರಾಕಿ ಬಾಗಿಲಲ್ಲಿ ಕಾಣುತ್ತಲೇ ಆಕೆಯ ಸೊಂಟದ ಅಳತೆ ನೆನಪಾಗುತ್ತಿತ್ತು. ಸರ್ಪೊಮಾ ಎಡಗಾಲು ಎಳೆದು ನಡೆಯುತ್ತಾಳೆ ಎಂಬುದನ್ನು ಅವಳ ಪಕ್ಕ ಕೂತ ಎಂಟನೆಯ ವರ್ಷದಲ್ಲಿ ಮೊದಲ ಸಲ ಗಮನಿಸಿದೆ. ಕೇಳಿದ್ದಕ್ಕೆ, "ನಾಕು ವರ್ಷ ಆಯ್ತು ಕಣೇ, ಈಗ ಕಣ್ಣು ಬಿಟ್ಯಾ?" ಎಂದಳು. ಕೊನೆಗೆ ಅಜೆಯ್ವಾ ಕೂಡ ಬಂದಳು. ತಾಯಿಯ ವರ್ಷದ ನೆನಪಿನ ದಿನಕ್ಕೆ ಬಟ್ಟೆ ನೀವೇ ಹೊಲಿಯಬೇಕು, ಇದೇ ಮಳಿಗೆಗೆ ತರುತ್ತೇನೆ ಎಂದಳು. ಇದಕ್ಕಿಂತ ದೊಡ್ಡ ಕ್ಷಮೆ ನನ್ನ ಕಸುಬಿನಲ್ಲಿಲ್ಲ.

ಹನ್ನೆರಡನೆಯ ವಾರದ ಸೋಮವಾರ ತಮ್ಮ ಕಚೇರಿ ಗುಂಪಿನಲ್ಲಿ ಒಂದು ಸೂಚನೆ ಹಾಕಿತು. ಹಳೆಯ ಸಾಲು ಒಡೆಯುವುದರಿಂದ, ಹೊಸ ಕಟ್ಟಡದಲ್ಲಿ ಜಾಗ ಬೇಕಾದವರು ತಮ್ಮ ಮಳಿಗೆಯ ಮುಂದೆ ನಿಂತು ತೆಗೆದ ಚಿತ್ರ ಹಾಕಿ 'ಹಾಜರು' ಎಂದು ಬರೆಯಬೇಕು, ಬುಧವಾರ ಸಂಜೆ ಕೊನೆ. ಭಾನುವಾರ ನಾನು ಡಬ್ಬಿ ತೆಗೆದಾಗ ಆರುನೂರ ಹನ್ನೆರಡು ಸಂದೇಶಗಳಿದ್ದವು. ಯಾರದೋ ಹುಟ್ಟುಹಬ್ಬ, ಕಳೆದುಹೋದ ಒಂದು ಮೇಕೆ, ಮಲೇರಿಯಾಕ್ಕೆ ಮನೆಮದ್ದು, ಅವುಗಳ ನಡುವೆ ನನ್ನ ಹತ್ತೊಂಬತ್ತು ವರ್ಷ.

ಸೋಮವಾರ ಬಾಗಿಲು ತೆರೆಯುವ ಮೊದಲೇ ತಮ್ಮ ಕಿಟಕಿಗೆ ಬಂದೆ. ತಾವಿರಲಿಲ್ಲ, ಗುಮಾಸ್ತರಿದ್ದರು.

"ಗುಂಪಲ್ಲಿ ಹಾಕಿದ್ವಲ್ಲ ಮೇಡಂ."

"ನಾನು ಇಲ್ಲೇ ಎದುರಿಗೇ ಇದ್ನಲ್ಲಪ್ಪ. ದಿನಾ ನನ್ನ ಮಳಿಗೆ ಮುಂದೇನೇ ಹಾದು ತಿಂಡಿಗೆ ಕೆಂಕಿ ಉಂಡೆ ತರೋಕೆ ಹೋಗ್ತೀಯ."

"ನಾನು ನೋಡಿದ್ರೆ ಏನಾಯ್ತು? ಸಿಸ್ಟಮ್‌ನಲ್ಲಿ ನೀವಿಲ್ಲ."

"ಹಾಗಾದ್ರೆ ಈಗ ನಿನ್ನ ಮುಂದೆ ನಿಂತಿರೋದು ಯಾರು?"

ಹುಡುಗ ಒಳ್ಳೆಯವನು, ನಾಚಿಕೊಂಡ. "ಆಕ್ಷೇಪ ಇದ್ರೆ ಕೊಡಬಹುದು ಮೇಡಂ," ಎಂದ.

"ಕೊಡು, ಅರ್ಜಿ ಎಲ್ಲಿ?"

"ಪೇಜಲ್ಲಿದೆ."

ಮಳಿಗೆಗೆ ವಾಪಸು ಬಂದು ಸರ್ಪೊಮಾಳನ್ನು ತರಾಟೆಗೆ ತೆಗೆದುಕೊಂಡೆ. ಒಂದು ಗೋಡೆಯ ಆಚೆ ಕೂತವಳು, ದಿನಕ್ಕೆ ಹತ್ತು ಸಲ ಮಾತಾಡುವವಳು, ಒಂದು ಮಾತು ಹೇಳಬಾರದಿತ್ತೇ? ಅವಳು ಅತ್ತಳು.

"ನಿಂಗೆ ಗೊತ್ತಿದೆ ಅನ್ಕೊಂಡೆ ಕಣೇ. ಎಲ್ರಿಗೂ ಗೊತ್ತಿತ್ತು. ಎಲ್ರಿಗೂ ಗೊತ್ತಿರೋದನ್ನ ಯಾರಾದ್ರೂ ಯಾರಿಗಾದ್ರೂ ಹೇಳ್ತಾರಾ?"

ಈ ಗುಂಪು ಬರುವ ಮೊದಲು ಮಾರುಕಟ್ಟೆಯ ಸುದ್ದಿಗಳನ್ನು ಬ್ರೆಂಪೊಂಗ್ ತಾತ ಕಬ್ಬಿಣದ ಗಂಟೆ ಬಡಿದು ಡಂಗುರ ಸಾರುತ್ತಿದ್ದ. ಮೀನಿನ ಸಾಲು, ಬಟ್ಟೆಯ ಸಾಲು, ಗೆಣಸಿನ ಸಾಲು, ಎಲ್ಲ ಕಡೆ ಒಂದೇ ಮಾತು ಮೂರು ಸಲ. ಕಿವುಡರಿಗೆ ಪಕ್ಕದವರು ಸನ್ನೆ ಮಾಡಿ ಹೇಳುತ್ತಿದ್ದರು. ಓದು ಬಾರದವಳೂ ನಮ್ಮಲ್ಲಿ ಹಿಂದೆ ಬೀಳುತ್ತಿರಲಿಲ್ಲ. ತಾವು ಗುಂಪು ಶುರುಮಾಡಿ ತಾತನಿಗೆ ಹಾರ ಹಾಕಿ ಮನೆಗೆ ಕಳಿಸಿದಿರಿ. ಅವನ ಗಂಟೆ ಈಗ ತಮ್ಮ ಕೋಣೆಯ ಗೋಡೆಯಲ್ಲಿ ಮೊಳೆಗೆ ತೂಗುತ್ತಿದೆ, ಬಂದವರು ನೋಡಿ ಮೆಚ್ಚಲಿಕ್ಕೆ.

ನನಗೆ ಅರ್ಥವಾಗದ್ದನ್ನು ವಿನಯದಿಂದ ಕೇಳುತ್ತೇನೆ. ಫೋನು ಗಮನ ಕೆಡಿಸುತ್ತದೆ ಎಂದು ಧ್ವನಿವರ್ಧಕ ಹಿಡಿದು ಹೇಳಿದವರು ತಾವೇ ಅಲ್ಲವೇ? ನೀರು ಯಾವಾಗ ಬಿಡುತ್ತಾರೆ, ಕಸದ ಗಾಡಿ ಯಾವಾಗ ಬರುತ್ತದೆ, ಯಾರ ಮಳಿಗೆ ಯಾರಿಗೆ ಎಂಬುದನ್ನೆಲ್ಲ ಅದೇ ಫೋನಿನೊಳಗೆ, ಮೇಕೆ ಮತ್ತು ಮನೆಮದ್ದಿನ ನಡುವೆ ಹೂತಿಟ್ಟವರೂ ತಾವೇ ಅಲ್ಲವೇ? ನೀರಿಗೆ ಇಳಿಯಬೇಡ ಎಂದು ಬುದ್ಧಿ ಹೇಳಿ ದೋಣಿಯನ್ನು ನದಿಯ ನಡುವೆ ಕಟ್ಟಿಹಾಕಿದರೆ ನಾವು ಹತ್ತುವುದು ಹೇಗೆ? ಸಂಯಮ ನನ್ನೊಬ್ಬಳ ಕೆಲಸವಾದರೆ ಅದನ್ನು ಮಾಡಿ ತೋರಿಸಿದ್ದೇನೆ, ಪುಸ್ತಕದಲ್ಲಿ ಗೆರೆಗಳಿವೆ, ಬಂದು ಎಣಿಸಿಕೊಳ್ಳಿ. ಆದರೆ ಒಬ್ಬಳು ಹೊರಗೆ ಬಂದಾಗ ಆಕೆಯ ಹಿಂದೆ ಬಾಗಿಲು ಹಾಕಿಕೊಳ್ಳುವ ಮನೆಯಿಂದ ಎರಡನೆಯವಳು ಯಾಕಾದರೂ ಹೊರಗೆ ಬರುತ್ತಾಳೆ? ನನ್ನ ಕಥೆ ಕೇಳಿದ ಮೇಲೆ ಗೆಣಸು ಕೊಳ್ಳುವೆನೆಂದಿದ್ದ ಇಬ್ಬರು ಹೆಂಗಸರು ಮನಸ್ಸು ಬದಲಾಯಿಸಿದ್ದಾರೆ. ತಮ್ಮ ಸಪ್ತಾಹದ ಒಟ್ಟು ಫಲ ಇದು: ಕೆಳಗಿಟ್ಟವಳು ಒಬ್ಬಳು, ಆಕೆಯನ್ನು ನೋಡಿ ಇನ್ನೂ ಬಿಗಿಯಾಗಿ ಹಿಡಿದುಕೊಂಡವರು ಇಡೀ ಮಾರುಕಟ್ಟೆ.

ಅಂದಹಾಗೆ, ಹೊಸ ಕಟ್ಟಡದಲ್ಲಿ ನನ್ನ ಜಾಗ ಹೋದದ್ದು ಫೋನಿನ ಕವಚ ಮತ್ತು ಚಾರ್ಜರು ಮಾರುವ ಒಬ್ಬರಿಗೆ. ಕಥೆ ಕಟ್ಟಿ ಹೇಳುತ್ತಿಲ್ಲ, ಪಟ್ಟಿ ನೋಡಿ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಸೋಮವಾರವೇ 'ಹಾಜರು' ಎಂದು ಬರೆದಿದ್ದರು.

ನನ್ನ ಬೇಡಿಕೆ ಎರಡು. ನನ್ನ ಹೆಸರಿನ ಮುಂದಿನ 'ಗೈರುಹಾಜರು' ಹೊಡೆದುಹಾಕಿ ನನ್ನ ಜಾಗ ನನಗೆ ಕೊಡಿ. ಗೋಡೆಯ ಮೇಲಿನ ಗಂಟೆಯನ್ನು ಇಳಿಸಿ ಬ್ರೆಂಪೊಂಗ್ ತಾತನ ಕೈಗೆ ಕೊಡಿ. ಅವನ ಕೈಯಲ್ಲಿ ಇನ್ನೂ ಕಸುವಿದೆ, ಕೇಳಿ ಬಂದಿದ್ದೇನೆ. ಎರಡರಲ್ಲಿ ಒಂದೇ ಕೊಡಲು ಸಾಧ್ಯ ಎನ್ನುವುದಾದರೆ ಗಂಟೆಯನ್ನೇ ಕೊಡಿ. ಎರಡೂ ಆಗುವುದಿಲ್ಲ ಎಂದು ನನಗೆ ಗೊತ್ತಿದೆ. ತಿಂಗಳ ಕೊನೆಗೆ ಹಳೆಯ ಸಾಲು ಒಡೆಯುತ್ತಾರೆ. ಅಜೆಯ್ವಾ ಬಟ್ಟೆ ಹಿಡಿದು ಬಂದಾಗ ಇಲ್ಲಿ ಬರೀ ಮಣ್ಣಿರುತ್ತದೆ.

ಇಲ್ಲಿಯವರೆಗಿನ ಪತ್ರವನ್ನು ಬಟ್ಟೆ ಕತ್ತರಿಸಲು ನಕ್ಷೆ ಬಿಡಿಸುವ ಕಂದು ಕಾಗದದ ಮೇಲೆ ಕೈಯಲ್ಲಿ ಬರೆದೆ. ಕಿಟಕಿಯಲ್ಲಿ ಕೊಡಲು ಹೋದರೆ ಗುಮಾಸ್ತರು ಮುಟ್ಟಲಿಲ್ಲ. "ಕಾಗದ ತಗೊಳಲ್ಲ ಮೇಡಂ, ಫೋಟೋ ತೆಗ್ದು ಪೇಜಲ್ಲಿ ಹಾಕ್ಬಿಡಿ" ಎಂದರು. ಹಾಗಾಗಿ ಡಬ್ಬಿಯಿಂದ ದೊಡ್ಡ ಫೋನನ್ನು ತೆಗೆದಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಪುಟದಲ್ಲಿ ಹಾಕಿದೆ; ಈ ಕೊನೆಯ ಸಾಲುಗಳನ್ನು ಈಗ ಸೇರಿಸುತ್ತಿದ್ದೇನೆ. ತಾವು ಓದಿದಿರೋ, ಯಾರು ಏನು ಬರೆದರೋ, ಎಷ್ಟು ಹೆಬ್ಬೆರಳು ಬಂದವೋ ಎಂದು ನೋಡುತ್ತಿದ್ದೇನೆ. ಈಗ ಮಧ್ಯಾಹ್ನ ಹನ್ನೆರಡು. ಪುಸ್ತಕದಲ್ಲಿ ಇವತ್ತಿನವೇ ಎಪ್ಪತ್ತನಾಲ್ಕು ಗೆರೆಗಳಾಗಿವೆ.

ಇಂತಿ,
ತಮ್ಮ ಪುಟದ ನೆತ್ತಿಯ ಮೇಲೆ ಗೆಣಸು ಹಿಡಿದು ಇನ್ನೂ ನಗುತ್ತಿರುವ ಮಾದರಿ ಹೆಂಗಸು,
ಅಫ್ರಿಯೆ ದ್ವೊಮೊ, ದರ್ಜಿ
(ಹಾಜರು)